ಎರಡು ಮನೆಗಳು ಒಂದಕ್ಕೊಂದು ಬ್ಯಾಕಪ್ ಆಗುವ ಬಗೆ

ಮನೆಯ ಕಂಪ್ಯೂಟರಿನ ಪಕ್ಕದಲ್ಲೇ ಎಕ್ಸ್‌ಟರ್ನಲ್ ಡಿಸ್ಕ್ ಇಟ್ಟುಕೊಂಡು ವಾರಕ್ಕೊಮ್ಮೆ ಪ್ರತಿ ತೆಗೆಯುವವರು ಒಂದು ಡಿಸ್ಕ್ ಕೆಟ್ಟುಹೋದರೆ ಗಾಬರಿಯಾಗಬೇಕಿಲ್ಲ. ಆದರೆ ಬೆಂಕಿ, ನೆರೆ, ಸಿಡಿಲು, ಕಳವು ಇವುಗಳಲ್ಲಿ ಯಾವುದು ಬಂದರೂ ಕಂಪ್ಯೂಟರ್ ಮತ್ತು ಅದರ ಪಕ್ಕದ ಡಿಸ್ಕ್ ಎರಡೂ ಒಟ್ಟಿಗೇ ಹೋಗುತ್ತವೆ. ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರಿಂದ ಪ್ರಚಾರಕ್ಕೆ ಬಂದ 3-2-1 ಸೂತ್ರವು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎನ್ನುತ್ತದೆ. ಹೆಚ್ಚಿನ ಮನೆಗಳಲ್ಲಿ ತಪ್ಪಿಹೋಗುವುದು ಆ ಕೊನೆಯ ಒಂದು ಪ್ರತಿಯೇ. ಅದನ್ನು ಬಾಡಿಗೆಯ ಕ್ಲೌಡ್‌ನಲ್ಲಿ ಇಡಬಹುದು, ಇಲ್ಲವೇ ನಂಬಿಕೆಯ ಇನ್ನೊಂದು ಮನೆಯಲ್ಲಿ, ಅಂದರೆ ಅಕ್ಕನ ಮನೆಯಲ್ಲೋ ಗೆಳೆಯನ ಮನೆಯಲ್ಲೋ, ಒಂದು ಸಣ್ಣ ಯಂತ್ರ ಮತ್ತು ಡಿಸ್ಕ್ ಇಟ್ಟು, ಅವರ ಪ್ರತಿಗೆ ನಮ್ಮ ಮನೆಯಲ್ಲಿ ಅಷ್ಟೇ ಜಾಗ ಕೊಡಬಹುದು. ಈ ಎರಡನೆಯ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಕಟ್ಟುವುದೆಂದು ಇಲ್ಲಿ ವಿವರಿಸಿದ್ದೇನೆ.

ಇದಕ್ಕೆ ತಿಂಗಳ ಬಾಡಿಗೆ ಇಲ್ಲ, ಜಾಗ ಬೇಕಾದಷ್ಟು ಸಿಗುತ್ತದೆ. ಆದರೆ ಕೆಟ್ಟರೆ ಸರಿಪಡಿಸುವವರು ನಾವೇ. ಆದ್ದರಿಂದ ಪ್ರತಿಯೊಂದು ಆಯ್ಕೆಯ ಮುಂದೆಯೂ ಒಂದೇ ಪ್ರಶ್ನೆ ಇಟ್ಟುಕೊಳ್ಳುವುದು ಒಳ್ಳೆಯದು: ಕಂಪ್ಯೂಟರ್ ಇಲ್ಲವಾದ ದಿನ, ಬರಿಗೈಯಲ್ಲಿ ನಿಂತು, ಈ ಪ್ರತಿಯಿಂದ ನನ್ನ ಕಡತಗಳನ್ನು ಹೊರತೆಗೆಯಲು ನನಗೆ ಆಗುತ್ತದೆಯೇ? ಮುಂದೆ ಹೇಳುವ ಬಹುತೇಕ ಸಲಹೆಗಳು ಈ ಪ್ರಶ್ನೆಯಿಂದಲೇ ಹುಟ್ಟಿದವು.

ಸಿಂಕ್ ಬೇರೆ, ಬ್ಯಾಕಪ್ ಬೇರೆ

ಎರಡು ಯಂತ್ರಗಳ ಫೋಲ್ಡರುಗಳನ್ನು ಸದಾ ಒಂದೇ ಸ್ಥಿತಿಯಲ್ಲಿಡುವ ಸಿಂಕ್‌ಥಿಂಗ್‌ನಂತಹ ತಂತ್ರಾಂಶಗಳು ಬಹಳ ಉಪಯುಕ್ತ. ನಾನೂ ದಿನವೂ ಬಳಸುತ್ತೇನೆ. ಆದರೆ ಇಲ್ಲಿ ಅಳಿಸಿದ ಕಡತವನ್ನು ಅವು ಅಲ್ಲಿಯೂ ಅಳಿಸುತ್ತವೆ, ಇಲ್ಲಿ ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ) ಹಾಳುಮಾಡಿದ ಕಡತವನ್ನು ಹಾಳಾದ ರೂಪದಲ್ಲೇ ಅಲ್ಲಿಗೆ ತಲುಪಿಸುತ್ತವೆ. ಹಳೆಯ ಆವೃತ್ತಿಗಳನ್ನು ಉಳಿಸುವ ಸೌಲಭ್ಯ ಅವುಗಳಲ್ಲಿ ಇದ್ದರೂ ಕಳೆದ ತಿಂಗಳ ಇಂಥ ದಿನ ಇಡೀ ಫೋಲ್ಡರ್ ಹೇಗಿತ್ತೋ ಹಾಗೆ ಕೊಡು ಎಂದು ಕೇಳಲು ಅವು ತಕ್ಕವಲ್ಲ. ನಮಗೆ ಬೇಕಾಗಿರುವುದು ದಿನದಿನದ ಸ್ನ್ಯಾಪ್‌ಶಾಟ್‌ಗಳನ್ನು, ಅಂದರೆ ಆಯಾ ದಿನ ಕಡತಗಳೆಲ್ಲ ಹೇಗಿದ್ದವೋ ಹಾಗಿನ ಪ್ರತಿಗಳನ್ನು, ಇಡುವ, ಮನೆಯಿಂದ ಹೊರಡುವ ಮೊದಲೇ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡುವ (ಪಾಸ್‌ವರ್ಡ್ ಇಲ್ಲದೆ ಓದಲಾಗದ ಗೂಢಲಿಪಿಗೆ ಬದಲಿಸುವ) ತಂತ್ರಾಂಶ. ಬೋರ್ಗ್ ಮತ್ತು ರೆಸ್ಟಿಕ್ ಎರಡೂ ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲಿಯೂ ಒಂದೇ ರೀತಿ ನಡೆಯುತ್ತದೆಂಬ ಕಾರಣಕ್ಕೆ ನಾನು ರೆಸ್ಟಿಕ್ ಆರಿಸಿಕೊಂಡಿದ್ದೇನೆ, ಮುಂದಿನ ವಿವರಗಳೂ ಅದಕ್ಕೆ ಸಂಬಂಧಿಸಿದವು.

ರೆಸ್ಟಿಕ್ ಪ್ರತಿ ಕಡತವನ್ನು ತುಂಡುಗಳಾಗಿ ಒಡೆದು, ಈಗಾಗಲೇ ಆ ಕಡೆ ಇರುವ ತುಂಡುಗಳನ್ನು ಬಿಟ್ಟು ಹೊಸವನ್ನು ಮಾತ್ರ ಕಳುಹಿಸುತ್ತದೆ. ಫೋಟೋ ಫೋಲ್ಡರಿನ ಹೆಸರು ಬದಲಿಸಿದರೆ ಫೋಟೋಗಳು ಮತ್ತೆ ಹೋಗುವುದಿಲ್ಲ. 2022ರಲ್ಲಿ ಬಂದ 0.14ನೆಯ ಆವೃತ್ತಿಯಿಂದ ಕಂಪ್ರೆಶನ್ ಕೂಡ ಇದೆ. ಎಇಎಸ್-256 ಗೂಢಲಿಪಿಯಲ್ಲಿ ಕುಳಿತ ಆ ತುಂಡುಗಳಿಂದ ಆತಿಥ್ಯ ಕೊಟ್ಟ ಮನೆಯವರಿಗೆ ಕಡತದ ಹೆಸರು ಕೂಡ ತಿಳಿಯುವುದಿಲ್ಲ, ಮತ್ತು ಈ ಗೌಪ್ಯತೆ ಇದ್ದಾಗಲೇ ಎರಡೂ ಮನೆಯವರು ಸಂಕೋಚವಿಲ್ಲದೆ ಒಪ್ಪಿಕೊಳ್ಳಬಲ್ಲರು.

ಯಂತ್ರ ಮತ್ತು ಡಿಸ್ಕ್

ಆ ಕಡೆಯ ಮನೆಯಲ್ಲಿ ಸದಾ ಚಾಲೂ ಇರುವ ಒಂದು ಸಣ್ಣ ಲಿನಕ್ಸ್ ಯಂತ್ರ ಸಾಕು. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನ 4ನೆಯ ಅಥವಾ ನಂತರದ ಮಾದರಿಯಾದರೆ ಯುಎಸ್‌ಬಿ 3 ಇರುತ್ತದೆ. ಮೂಲೆ ಸೇರಿದ ಹಳೆಯ ಲ್ಯಾಪ್‌ಟಾಪ್ ಆದರೆ ಅದರ ಬ್ಯಾಟರಿಯೇ ಯುಪಿಎಸ್ ಕೆಲಸ ಮಾಡುತ್ತದೆ. ಪೈ ಬಳಸುವವರು ಸ್ವಂತ ಅಡಾಪ್ಟರ್ ಇರುವ ಡಿಸ್ಕನ್ನೋ ವಿದ್ಯುತ್ ಕೊಡುವ ಯುಎಸ್‌ಬಿ ಹಬ್ಬನ್ನೋ ಇಟ್ಟುಕೊಳ್ಳಬೇಕು, ಏಕೆಂದರೆ ಪೈ 4ರ ಎಲ್ಲ ಯುಎಸ್‌ಬಿ ಕಿಂಡಿಗಳು ಸೇರಿ ಕೊಡಬಲ್ಲದ್ದು 1.2 ಆಂಪಿಯರ್ ಮಾತ್ರ. ಡಿಸ್ಕ್ ತಿರುಗಲು ಆರಂಭಿಸುವ ಹೊತ್ತಿನಲ್ಲಿ ಅದು ಸಾಲದೆ ಹೋಗಬಹುದು. ಡಿಸ್ಕಿನ ಗಾತ್ರ ಇಂದಿನ ಕಡತಗಳ ಎರಡರಷ್ಟಿರಲಿ. ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಮತ್ತೆ ಚಾಲೂ ಆಗಬೇಕು. ಪೈ ಹಾಗೆಯೇ ಆಗುತ್ತದೆ, ಡೆಸ್ಕ್‌ಟಾಪ್‌ಗಳಲ್ಲಿ ಬಯೋಸ್‌ಗೆ (ಚಾಲೂ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್‌ಗಳ ಪುಟಕ್ಕೆ) ಹೋಗಿ ಆ ಆಯ್ಕೆಯನ್ನು ಆನ್ ಮಾಡಬೇಕಾಗುತ್ತದೆ.

ಡಿಸ್ಕ್ ಮೌಂಟ್ ಆಗುವ, ಅಂದರೆ ಒಂದು ಫೋಲ್ಡರಿನ ಮೂಲಕ ಯಂತ್ರಕ್ಕೆ ಜೋಡಣೆಯಾಗುವ, ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ನಾನು ಮೂರು ತಿಂಗಳ ಪ್ರತಿಗಳನ್ನು ಕಳೆದುಕೊಂಡದ್ದು ಇಲ್ಲಿಯೇ. ಆಗ ನಾನು ಕಡತಗಳನ್ನು ನಕಲು ಮಾಡುವ ಆರ್‌ಸಿಂಕ್ ಬಳಸುತ್ತಿದ್ದೆ. ಆ ಮನೆಯಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಪೈ ಎದ್ದಿತು, ಡಿಸ್ಕ್ ಏಳಲಿಲ್ಲ. ಡಿಸ್ಕ್ ಮೌಂಟ್ ಆಗಬೇಕಿದ್ದ ಫೋಲ್ಡರ್ ಖಾಲಿಯಾಗಿ ಅಲ್ಲೇ ಇತ್ತು. ಆರ್‌ಸಿಂಕ್ ಅದನ್ನು ಹೊಸ ಜಾಗವೆಂದು ತಿಳಿದು, ಪೈ ಒಳಗಿನ ಎಸ್‌ಡಿ ಕಾರ್ಡ್ ತುಂಬುವವರೆಗೂ ಅಲ್ಲಿಯೇ ಬರೆಯಿತು, ತುಂಬಿದ ಮೇಲೆ ಪ್ರತಿ ರಾತ್ರಿಯೂ ಯಾರೂ ಓದದ ಒಂದು ಲಾಗ್‌ನಲ್ಲಿ ದೋಷ ದಾಖಲಿಸಿ ಸುಮ್ಮನಾಯಿತು. ಡಿಸ್ಕಿನಲ್ಲಿ ಇದ್ದದ್ದು ಮೂರು ತಿಂಗಳ ಹಿಂದಿನ ಪ್ರತಿ ಎಂದು ತಿಳಿದದ್ದು ಒಂದು ಕಡತ ನಿಜವಾಗಿಯೂ ಬೇಕಾದ ದಿನ.

ಇದನ್ನು ತಡೆಯಲು ಎರಡು ಕೆಲಸ ಮಾಡಿ. ಡಿಸ್ಕ್ ಮೌಂಟ್ ಆಗದೆ ಇರುವಾಗ ಆ ಖಾಲಿ ಫೋಲ್ಡರಿಗೆ ಲಿನಕ್ಸ್‌ನ ಚ್ಯಾಟರ್ (chattr) ಆಜ್ಞೆಯಿಂದ ಬದಲಾಯಿಸಲಾಗದ ಗುಣವನ್ನು, ಅಂದರೆ ಇಮ್ಯೂಟಬಲ್ ಗುರುತನ್ನು, ಹಚ್ಚಿಡಿ. ಆಮೇಲೆ ಡಿಸ್ಕ್ ಇಲ್ಲದ ಹೊತ್ತಿನಲ್ಲಿ ಅಲ್ಲಿ ಏನನ್ನೂ ಬರೆಯಲು ಆಗುವುದಿಲ್ಲ. ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ (fstab) ಕಡತದಲ್ಲಿ ಡಿಸ್ಕನ್ನು ಅದರ ಯುಯುಐಡಿಯಿಂದಲೇ (ಆ ಡಿಸ್ಕಿಗಷ್ಟೇ ಇರುವ ಗುರುತಿನ ಸಂಖ್ಯೆ) ಗುರುತಿಸಿ, ನೋಫೇಲ್ (nofail) ಆಯ್ಕೆಯನ್ನು ಸೇರಿಸಿ. ಆಗ ಡಿಸ್ಕ್ ಕೈಕೊಟ್ಟರೂ ಯಂತ್ರ ಬೂಟ್ ಆಗಿ, ದೂರದಿಂದ ಒಳಹೊಕ್ಕು ನೋಡಲು ಅವಕಾಶ ಇರುತ್ತದೆ. ರೆಸ್ಟಿಕ್ ಬಳಸಿದರೆ ಇನ್ನೂ ಒಂದು ಅನುಕೂಲ ಇದೆ: ಭಂಡಾರ, ಅಂದರೆ ಅದು ಪ್ರತಿಗಳನ್ನು ಇಡುವ ಫೋಲ್ಡರ್, ಇರಬೇಕಾದ ಕಡೆ ಇಲ್ಲದಿದ್ದರೆ ಅದು ತಾನಾಗಿ ಹೊಸದನ್ನು ಸೃಷ್ಟಿಸದೆ ದೋಷ ತೋರಿಸಿ ನಿಲ್ಲುತ್ತದೆ.

ಎರಡು ಮನೆಗಳ ನಡುವಿನ ದಾರಿ

ರೌಟರಿನ ಪುಟ ತೆರೆದು ಅದರ ಹೊರಗಿನ ಐಪಿ ವಿಳಾಸ ನೋಡಿ. ಅದು 100.64ರಿಂದ 100.127ರ ನಡುವೆ ಆರಂಭವಾಗುತ್ತಿದ್ದರೆ ಇಂಟರ್‌ನೆಟ್ ಸೇವೆ ಕೊಡುವವರು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದಾರೆ ಎಂದರ್ಥ. ಇದನ್ನು ಸಿಜಿನ್ಯಾಟ್ ಎನ್ನುತ್ತಾರೆ. ಅಲ್ಲಿ 10ರಿಂದಲೋ 192.168ರಿಂದಲೋ ಆರಂಭವಾಗುವ ವಿಳಾಸ ಕಂಡರೂ ನಿಮ್ಮ ರೌಟರಿನ ಮುಂದೆ ಇನ್ನೊಂದು ರೌಟರ್ ಇದೆ ಎಂದೇ ತಿಳಿಯಬೇಕು. ಇಂಥ ಕಡೆ ನಿಮ್ಮ ರೌಟರಿನಲ್ಲಷ್ಟೇ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವ ಸಂಪರ್ಕವನ್ನು ಒಳಗಿನ ಒಂದು ಯಂತ್ರಕ್ಕೆ ದಾಟಿಸುವ ಏರ್ಪಾಡು) ಎಷ್ಟು ಮಾಡಿದರೂ ಹೊರಗಿನಿಂದ ಯಾರೂ ಒಳಗೆ ಬರಲಾರರು.

ಪೋರ್ಟ್ ಫಾರ್ವರ್ಡಿಂಗ್ ಸಾಧ್ಯವಿದ್ದ ಕಡೆಯೂ ದೂರದಿಂದ ಯಂತ್ರಕ್ಕೆ ಒಳಹೋಗಲು ಬಳಸುವ ಎಸ್‌ಎಸ್‌ಎಚ್‌ನ 22ನೆಯ ಪೋರ್ಟನ್ನು ಇಡೀ ಜಗತ್ತಿಗೆ ತೆರೆದಿಡುವುದನ್ನು ನಾನು ಒಪ್ಪುವುದಿಲ್ಲ. ಅದರ ಬಾಗಿಲು ಬಡಿಯುವ ರೋಬಾಟುಗಳು ಹಗಲೂ ರಾತ್ರಿ ಅಲೆಯುತ್ತಿರುತ್ತವೆ. ಎರಡೂ ಮನೆಗಳ ನಡುವೆ ಒಂದು ಖಾಸಗಿ ಸುರಂಗ, ಅಂದರೆ ಹೊರಗಿನವರು ಹೊಕ್ಕಲಾಗದ ಗೂಢಲಿಪಿಯ ಸಂಪರ್ಕ (ವಿಪಿಎನ್), ಇದ್ದರೆ ಈ ಚಿಂತೆ ಇಲ್ಲ. ಇಂಥ ಸುರಂಗ ಕಟ್ಟುವ ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್ 5.6 ಕರ್ನೆಲ್‌ನೊಳಗೇ ಸೇರಿರುವುದರಿಂದ ಎಲ್ಲ ಕಡೆ ಸಿಗುತ್ತದೆ, ಆದರೆ ಒಂದು ಮನೆಯಲ್ಲಾದರೂ ಹೊರಗಿನಿಂದ ತಲುಪಬಲ್ಲ ವಿಳಾಸ ಇರಬೇಕು. ಎರಡೂ ಕಡೆ ಸಿಜಿನ್ಯಾಟ್ ಇದ್ದರೆ, ಅಥವಾ ರೌಟರ್ ಮುಟ್ಟಲು ಮನಸ್ಸಿಲ್ಲದಿದ್ದರೆ, ಅದೇ ವೈರ್‌ಗಾರ್ಡ್ ಮೇಲೆ ಕಟ್ಟಿರುವ ಟೇಲ್‌ಸ್ಕೇಲ್ ಬಳಸಿ. ಅದು ಎರಡೂ ಯಂತ್ರಗಳಿಗೆ ಬದಲಾಗದ ಒಂದೊಂದು ಖಾಸಗಿ ವಿಳಾಸ ಕೊಟ್ಟು, ಆದಷ್ಟೂ ನೇರ ಸಂಪರ್ಕ ಏರ್ಪಡಿಸುತ್ತದೆ, ಆಗದಿದ್ದರೆ ನಡುವಿನ ರಿಲೇ ಮೂಲಕ ದಾಟಿಸುತ್ತದೆ. ರಿಲೇ ಮೂಲಕ ವೇಗ ಕಡಿಮೆ ಇರುತ್ತದೆಂಬುದನ್ನು ಬಿಟ್ಟರೆ ಗೌಪ್ಯತೆಗೆ ಕೊರತೆಯಿಲ್ಲ.

ಟೇಲ್‌ಸ್ಕೇಲ್ ಬಳಸುವವರು ಅದನ್ನು ಸ್ಥಾಪಿಸಿದ ದಿನವೇ ಮಾಡಬೇಕಾದ ಕೆಲಸ ಒಂದಿದೆ. ಪ್ರತಿ ಯಂತ್ರದ ಕೀಲಿಯ ಅವಧಿ ಸಾಮಾನ್ಯವಾಗಿ 180 ದಿನ. ಆಮೇಲೆ ಯಾರಾದರೂ ಆ ಯಂತ್ರದ ಮುಂದೆ ಕುಳಿತು ಮತ್ತೆ ಲಾಗಿನ್ ಆಗಬೇಕು. ಆರು ತಿಂಗಳು ಸರಿಯಾಗಿ ನಡೆದ ಬ್ಯಾಕಪ್ ಒಂದು ಬೆಳಿಗ್ಗೆ ಕಾರಣವಿಲ್ಲದೆ ನಿಂತಂತೆ ಕಾಣುವುದು ಇದರಿಂದಲೇ. ನಿರ್ವಹಣೆಯ ಪುಟಕ್ಕೆ ಹೋಗಿ ಆ ಕಡೆಯ ಯಂತ್ರದ ಮಟ್ಟಿಗೆ ಕೀಲಿಯ ಅವಧಿಯನ್ನು ರದ್ದುಮಾಡಿ.

ಭಂಡಾರ, ಬಾಗಿಲು ಮತ್ತು ಪಾಸ್‌ವರ್ಡ್

ಆ ಕಡೆಯ ಯಂತ್ರದಲ್ಲಿ ರೆಸ್ಟಿಕ್‌ನ ಜೊತೆಗಾರ ತಂತ್ರಾಂಶವಾದ ರೆಸ್ಟ್-ಸರ್ವರ್ ಸ್ಥಾಪಿಸಿ, ಅದಕ್ಕೆ ಡಿಸ್ಕಿನ ಫೋಲ್ಡರ್ ತೋರಿಸಿ, ಖಾಸಗಿ ಸುರಂಗದ ವಿಳಾಸದಲ್ಲಿ ಮಾತ್ರ ಆಲಿಸುವಂತೆ ಹೇಳಿ. ನಂತರ ಎರಡು ಆಯ್ಕೆಗಳನ್ನು ತಪ್ಪದೆ ಸೇರಿಸಿ. ಮ್ಯಾಕ್ಸ್-ಸೈಜ್ ಎಂಬುದು ಒಬ್ಬರ ಭಂಡಾರ ಇಡೀ ಡಿಸ್ಕನ್ನು ನುಂಗದಂತೆ ಮಿತಿ ಹಾಕುತ್ತದೆ. ಅಪೆಂಡ್-ಓನ್ಲಿ ಎಂಬುದು ಅದಕ್ಕಿಂತ ಬಹಳ ಮುಖ್ಯವಾದುದು: ಹೊಸ ಸ್ನ್ಯಾಪ್‌ಶಾಟ್ ಸೇರಿಸಬಹುದು, ಇದ್ದದ್ದನ್ನು ಅಳಿಸಲು ಮಾತ್ರ ಆಗದು. ನಿಮ್ಮ ಕಂಪ್ಯೂಟರನ್ನೇ ಯಾರಾದರೂ ವಶಮಾಡಿಕೊಂಡರೆ ಬ್ಯಾಕಪ್‌ನ ವಿಳಾಸವೂ ಪಾಸ್‌ವರ್ಡೂ ಅವರ ಕೈಗೆ ಸಿಕ್ಕಂತೆಯೇ. ಇಂದಿನ ರ‍್ಯಾನ್ಸಮ್‌ವೇರ್ ಹಾಕುವವರು ಮೊದಲು ಹುಡುಕುವುದೂ ಬ್ಯಾಕಪ್‌ಗಳನ್ನೇ. ಅಪೆಂಡ್-ಓನ್ಲಿ ಬಾಗಿಲಿನ ಹಿಂದಿರುವ ಹಳೆಯ ಪ್ರತಿಗಳನ್ನು ಅವರು ಆ ದಾರಿಯಿಂದ ಅಳಿಸಲಾರರು. ಆದರೆ ಅದೇ ಕಂಪ್ಯೂಟರಿನಲ್ಲಿ ಆ ಕಡೆಯ ಯಂತ್ರಕ್ಕೆ ನಿರ್ವಾಹಕನಾಗಿ ಒಳಹೋಗುವ ಎಸ್‌ಎಸ್‌ಎಚ್ ಕೀಲಿಯನ್ನು ಪಾಸ್‌ವರ್ಡ್ ಇಲ್ಲದೆ ಬಿಟ್ಟಿದ್ದರೆ ಈ ರಕ್ಷಣೆ ಬರಿದಾಗುತ್ತದೆ, ಅದನ್ನು ಬೇರೆಡೆ ಇಡಿ.

ಇನಿಟ್ ಆಜ್ಞೆಯಿಂದ ಭಂಡಾರ ಸೃಷ್ಟಿಸುವಾಗ ರೆಸ್ಟಿಕ್ ಪಾಸ್‌ವರ್ಡ್ ಕೇಳುತ್ತದೆ. ಇದು ಮರೆತರೆ ಯಾರೂ ಮರಳಿ ಕೊಡುವಂಥದಲ್ಲ. ಭಂಡಾರ ಕಣ್ಣೆದುರು ಇದ್ದರೂ ತೆರೆಯಲಾಗದು. ಪಾಸ್‌ವರ್ಡನ್ನು ಬ್ಯಾಕಪ್ ಆಗುತ್ತಿರುವ ಕಂಪ್ಯೂಟರಿನಲ್ಲಿ ಮಾತ್ರ ಇಟ್ಟುಕೊಂಡವರು ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಜಡಿದಂತೆ. ಅದನ್ನು ಕಾಗದದ ಮೇಲೆ ಸ್ಪಷ್ಟವಾಗಿ ಬರೆದು, ಜೊತೆಗೆ ಭಂಡಾರದ ವಿಳಾಸ, ರೆಸ್ಟ್-ಸರ್ವರ್‌ನ ಬಳಕೆದಾರ ಹೆಸರು ಮತ್ತು ಅದರ ಪಾಸ್‌ವರ್ಡ್, ಬಳಸಿದ ತಂತ್ರಾಂಶದ ಹೆಸರು ಇಷ್ಟನ್ನೂ ನಮೂದಿಸಿ, ಒಂದು ಪ್ರತಿಯನ್ನು ಮನೆಯಲ್ಲೂ ಇನ್ನೊಂದನ್ನು ಮುಚ್ಚಿದ ಲಕೋಟೆಯಲ್ಲಿ ಮನೆಯ ಹೊರಗೆ ನಂಬಿಕೆಯ ಕಡೆಯೂ ಇಡಿ. ರೆಸ್ಟಿಕ್‌ನಲ್ಲಿ ಒಂದೇ ಭಂಡಾರಕ್ಕೆ ಹಲವು ಪಾಸ್‌ವರ್ಡ್‌ಗಳನ್ನು ಸೇರಿಸಬಹುದಾದ್ದರಿಂದ ಮನೆಯ ಇನ್ನೊಬ್ಬರಿಗೆ ಅವರದೇ ಒಂದನ್ನು ಕೊಡುವುದು ಒಳ್ಳೆಯದು. ಫೋಟೋಗಳು ಇಡೀ ಮನೆಯವು, ಅವುಗಳನ್ನು ತೆರೆಯಲು ನಾವೊಬ್ಬರೇ ಬದುಕಿರಬೇಕೆಂಬ ಸ್ಥಿತಿ ಇರಬಾರದು.

ಮೊದಲ ಪ್ರತಿ ಕೈಯಲ್ಲೇ ಹೋಗಲಿ

ಇಂಟರ್‌ನೆಟ್ ವೇಗ ಎಂದು ಜಾಹೀರಾತಿನಲ್ಲಿ ಕಾಣುವುದು ಬಹುಪಾಲು ಡೌನ್‌ಲೋಡ್ ವೇಗ. ನಮಗೆ ಬೇಕಾದದ್ದು ಅಪ್‌ಲೋಡ್. ಜೊತೆಗೆ ವೇಗವನ್ನು ಅಳೆಯುವುದು ಬಿಟ್‌ಗಳಲ್ಲಿ, ಕಡತಗಳನ್ನು ಅಳೆಯುವುದು ಬೈಟ್‌ಗಳಲ್ಲಿ, ಅಂದರೆ ಎಂಟು ಪಟ್ಟು ವ್ಯತ್ಯಾಸ. 600 ಜಿಬಿ ಕಡತಗಳು ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ ಹೋಗಲು ಒಂದು ಕ್ಷಣವೂ ನಿಲ್ಲದಿದ್ದರೆ ಸುಮಾರು 67 ಗಂಟೆ ಬೇಕು. ಮನೆಯವರ ವೀಡಿಯೊ ಕರೆಗೆ ತೊಂದರೆಯಾಗದಿರಲೆಂದು ಅರ್ಧ ವೇಗ ಬಿಟ್ಟುಕೊಟ್ಟರೆ ಐದೂವರೆ ದಿನ.

ಆದ್ದರಿಂದ ಆ ಕಡೆಗೆ ಹೋಗಬೇಕಾದ ಯಂತ್ರವನ್ನೂ ಡಿಸ್ಕನ್ನೂ ಮೊದಲು ನಿಮ್ಮ ಮನೆಯಲ್ಲೇ ರೌಟರಿಗೆ ಕೇಬಲ್‌ನಿಂದ ಜೋಡಿಸಿ, ಮೊದಲ ಪೂರ್ಣ ಬ್ಯಾಕಪ್ ಅಲ್ಲಿಯೇ ಮುಗಿಸಿ, ನಂತರ ಹೊತ್ತೊಯ್ಯಿರಿ. ಟೇಲ್‌ಸ್ಕೇಲ್ ಕೊಟ್ಟ ವಿಳಾಸ ಯಂತ್ರದ ಜೊತೆಗೇ ಹೋಗುವುದರಿಂದ ಆ ಮನೆಯಲ್ಲಿ ಕೇಬಲ್ ಚುಚ್ಚಿ ಕರೆಂಟ್ ಕೊಟ್ಟರೆ ಸಾಕು, ಒಂದು ಅಕ್ಷರವನ್ನೂ ಬದಲಿಸಬೇಕಿಲ್ಲ. ಅಂದಿನಿಂದ ದಿನಕ್ಕೆ ಹೋಗುವುದು ಹೊಸ ಫೋಟೋಗಳು, ತಿದ್ದಿದ ದಾಖಲೆಗಳು ಇಷ್ಟೇ.

ಏನು ಕಳುಹಿಸಬೇಕೆಂಬ ಆಯ್ಕೆಯಲ್ಲಿ ಜಿಪುಣತನ ಬೇಡ, ಆದರೆ ಬ್ರೌಸರ್ ಕ್ಯಾಶೆ, ಡೌನ್‌ಲೋಡ್ಸ್ ಫೋಲ್ಡರ್, ಮತ್ತೆ ಇಳಿಸಿಕೊಳ್ಳಬಹುದಾದ ತಂತ್ರಾಂಶಗಳನ್ನು ಬಿಟ್ಟುಬಿಡಿ. ಎರಡೂ ಮನೆಯವರು ಪರಸ್ಪರ ಪ್ರತಿ ಇಡುತ್ತಿದ್ದರೆ ಇನ್ನೊಬ್ಬರ ಭಂಡಾರವಿರುವ ಫೋಲ್ಡರನ್ನು ನಿಮ್ಮ ಬ್ಯಾಕಪ್‌ನಿಂದ ಹೊರಗಿಡುವುದನ್ನು ಮರೆಯಬೇಡಿ; ಇಲ್ಲದಿದ್ದರೆ ಅವರ ಕಡತಗಳು ನಿಮ್ಮ ಕಡತಗಳೊಳಗೆ ಸೇರಿ ಅವರ ಮನೆಗೇ ಮರಳುತ್ತವೆ, ಮರುದಿನ ಮತ್ತೆ ಇಲ್ಲಿಗೆ ಬರುತ್ತವೆ, ಡಿಸ್ಕ್ ತುಂಬುವವರೆಗೂ ಇದು ನಿಲ್ಲದು. ವಿಂಡೋಸ್‌ನಲ್ಲಿ ತೆರೆದಿರುವ ಕಡತಗಳೂ ಸರಿಯಾಗಿ ಪ್ರತಿಯಾಗಲು ರೆಸ್ಟಿಕ್‌ನ ಯೂಸ್-ಎಫ್‌ಎಸ್-ಸ್ನ್ಯಾಪ್‌ಶಾಟ್ ಆಯ್ಕೆ ಇದೆ.

ದಿನನಿತ್ಯದ ಓಟ ಮತ್ತು ನಿಂತಾಗ ತಿಳಿಯುವ ವ್ಯವಸ್ಥೆ

ಬ್ಯಾಕಪ್ ರಾತ್ರಿ ತಾನಾಗಿ ನಡೆಯಬೇಕು. ಲಿನಕ್ಸ್‌ನಲ್ಲಿ ಗೊತ್ತಾದ ಹೊತ್ತಿಗೆ ಕೆಲಸ ನಡೆಸುವ ಕ್ರಾನ್ ಬದಲು ಸಿಸ್ಟಮ್‌ಡಿ ಟೈಮರ್ ಬಳಸಿ ಅದರಲ್ಲಿ ಪರ್ಸಿಸ್ಟೆಂಟ್ ಆಯ್ಕೆ ಹಾಕಿದರೆ, ರಾತ್ರಿ ಕಂಪ್ಯೂಟರ್ ಆರಿದ್ದರೂ ಬೆಳಿಗ್ಗೆ ಚಾಲೂ ಆದ ಕೂಡಲೇ ತಪ್ಪಿದ ಸರದಿ ನಡೆಯುತ್ತದೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲೂ ಇದೇ ಅರ್ಥದ ಆಯ್ಕೆ ಇದೆ. ಅಪ್‌ಲೋಡ್ ವೇಗಕ್ಕೆ ಮಿತಿ ಹಾಕುವ ಲಿಮಿಟ್-ಅಪ್‌ಲೋಡ್ ಆಯ್ಕೆ ಸೆಕೆಂಡಿಗೆ ಎಷ್ಟು ಕಿಬಿಬೈಟ್ ಎಂಬ ಲೆಕ್ಕದಲ್ಲಿದೆ. ಮೇಲೆ ಹೇಳಿದ 20 ಮೆಗಾಬಿಟ್‌ನ ಅರ್ಧ ಬೇಕೆಂದರೆ ಅಲ್ಲಿ 1200 ಎಂದು ಬರೆಯಬೇಕು.

ಕೆಟ್ಟ ಬ್ಯಾಕಪ್ ಸದ್ದು ಮಾಡುವುದಿಲ್ಲ. ಕೆಟ್ಟಾಗ ಮೇಲ್ ಕಳುಹಿಸು ಎಂದು ಬರೆದ ಸ್ಕ್ರಿಪ್ಟ್ ಯಂತ್ರವೇ ಆರಿದಾಗ ಏನನ್ನೂ ಕಳುಹಿಸದು. ಆದ್ದರಿಂದ ತಿರುಗಿಸಿ ಯೋಚಿಸಬೇಕು: ಯಶಸ್ವಿಯಾದಾಗಲೆಲ್ಲ ಸ್ಕ್ರಿಪ್ಟ್ ಹೊರಗಿನ ಒಂದು ಸೇವೆಗೆ ಸಂಕೇತ ಕಳುಹಿಸಲಿ, ಎರಡು ದಿನ ಸಂಕೇತ ಬಾರದಿದ್ದರೆ ಆ ಸೇವೆ ನಮಗೆ ತಿಳಿಸಲಿ. ಹೆಲ್ತ್‌ಚೆಕ್ಸ್ ಎಂಬ ಮುಕ್ತ ತಂತ್ರಾಂಶ ಈ ಕೆಲಸಕ್ಕೆಂದೇ ಇದೆ. ರೆಸ್ಟಿಕ್ ಮುಗಿದಾಗ ಕೊಡುವ ಸಂಖ್ಯೆ 0 ಆಗಿದ್ದರೆ ಮಾತ್ರ ಸಂಕೇತ ಹೋಗಲಿ. ಬ್ಯಾಕಪ್ ಮುಗಿದರೂ ಕೆಲವು ಕಡತಗಳನ್ನು ಓದಲಾಗಲಿಲ್ಲ ಎಂದಾಗ ಅದು 3 ಕೊಡುತ್ತದೆ. ಅದನ್ನು ಯಶಸ್ಸೆಂದು ಎಣಿಸಿದರೆ ಅನುಮತಿಯ ತೊಡಕಿನಿಂದ ಒಂದು ಫೋಲ್ಡರ್ ವರ್ಷವಿಡೀ ಪ್ರತಿಯಾಗದೆ ಉಳಿಯಬಹುದು.

ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ತೆಗೆಯುವ ಕೆಲಸ ಅಪೆಂಡ್-ಓನ್ಲಿ ಬಾಗಿಲಿನಿಂದ ಆಗದು, ಆಗಬಾರದೂ ಕೂಡ. ಆ ಮನೆಗೆ ಹೋದಾಗ, ವರ್ಷಕ್ಕೆ ಒಂದೆರಡು ಸಲ, ಆ ಯಂತ್ರದಲ್ಲೇ ಕುಳಿತು ಪಾಸ್‌ವರ್ಡ್ ಕೈಯಾರೆ ಟೈಪ್ ಮಾಡಿ ನಡೆಸಿ. ಕೊನೆಯ ಇಷ್ಟು ಪ್ರತಿ ಉಳಿಸು ಎಂಬ ಲೆಕ್ಕದ ನಿಯಮಕ್ಕಿಂತ ಕೀಪ್-ವಿದಿನ್ ಬಗೆಯ ಅವಧಿಯ ನಿಯಮ ಮೇಲು, ಏಕೆಂದರೆ ದಾಳಿ ಮಾಡಿದವರು ಖಾಲಿ ಸ್ನ್ಯಾಪ್‌ಶಾಟ್‌ಗಳನ್ನು ರಾಶಿ ಸೇರಿಸಿ ನಿಜವಾದವನ್ನು ಲೆಕ್ಕದಿಂದ ಹೊರತಳ್ಳಬಹುದು. ಯಾವ ನಿಯಮವೇ ಇರಲಿ, ಅಳಿಸುವ ಮೊದಲು ಸ್ನ್ಯಾಪ್‌ಶಾಟ್‌ಗಳ ಪಟ್ಟಿಯನ್ನು ಒಮ್ಮೆ ಕಣ್ಣಿನಿಂದ ನೋಡಿ, ದಿನಾಂಕ ಮತ್ತು ಗಾತ್ರ ಸಹಜವಾಗಿವೆಯೇ ಎಂದು ಖಚಿತಪಡಿಸಿಕೊಳ್ಳಿ.

ಹೊರತೆಗೆದು ನೋಡುವುದು

ತಿಂಗಳಿಗೊಮ್ಮೆ ಚೆಕ್ ಆಜ್ಞೆಯನ್ನು ರೀಡ್-ಡೇಟಾ-ಸಬ್‌ಸೆಟ್ ಆಯ್ಕೆಯೊಡನೆ ನಡೆಸಿ. ಅದಕ್ಕೆ ಜನವರಿಯಲ್ಲಿ 1/12, ಫೆಬ್ರವರಿಯಲ್ಲಿ 2/12 ಎಂದು ಕೊಡುತ್ತಾ ಹೋದರೆ ವರ್ಷದಲ್ಲಿ ಭಂಡಾರದ ಪ್ರತಿ ತುಂಡನ್ನೂ ಒಮ್ಮೆ ಓದಿ ಪರೀಕ್ಷಿಸಿದಂತಾಗುತ್ತದೆ. 600 ಜಿಬಿಯ ಹನ್ನೆರಡನೆಯ ಒಂದು ಭಾಗ 50 ಜಿಬಿ. ಆ ಮನೆಯ ಅಪ್‌ಲೋಡ್ 20 ಮೆಗಾಬಿಟ್ ಇದ್ದರೆ ಐದೂವರೆ ಗಂಟೆ ಹಿಡಿಯುತ್ತದೆ, ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಅವರ ಸಂಪರ್ಕಕ್ಕೆ ತಿಂಗಳ ಡೇಟಾ ಮಿತಿ ಇದ್ದರೆ ಮೊದಲೇ ಕೇಳಿಕೊಳ್ಳಿ.

ಜೊತೆಗೆ ಪ್ರತಿ ತಿಂಗಳು ಯಾವುದಾದರೂ ಒಂದು ಕಡತವನ್ನು, ಹಳೆಯ ಮದುವೆಯ ಫೋಟೋ ಇರಲಿ, ತೆರಿಗೆಯ ಲೆಕ್ಕಪತ್ರ ಇರಲಿ, ಬೇರೆ ಫೋಲ್ಡರಿಗೆ ಹೊರತೆಗೆದು ತೆರೆದು ನೋಡಿ. ಪಟ್ಟಿಯಲ್ಲಿ ಹೆಸರು ಕಂಡರೆ ಸಾಲದು, ಚಿತ್ರ ಪರದೆಯ ಮೇಲೆ ಮೂಡಬೇಕು.

ನಿಜವಾಗಿಯೂ ಎಲ್ಲವೂ ಹೋದ ದಿನ 600 ಜಿಬಿಯನ್ನು ಇಂಟರ್‌ನೆಟ್ ಮೂಲಕ ಎಳೆಯುತ್ತಾ ಕೂರಬೇಡಿ. ಆ ಮನೆಗೆ ಹೋಗಿ ಯಂತ್ರವನ್ನೂ ಡಿಸ್ಕನ್ನೂ ತನ್ನಿ. ರೆಸ್ಟ್-ಸರ್ವರ್ ಬರೆದ ಭಂಡಾರವು ಸಾಮಾನ್ಯ ರೆಸ್ಟಿಕ್ ಭಂಡಾರವೇ ಆದ್ದರಿಂದ ಡಿಸ್ಕನ್ನು ನೇರವಾಗಿ ಜೋಡಿಸಿ ಓದಬಹುದು. ಆದರೆ ಡಿಸ್ಕ್ ಲಿನಕ್ಸ್‌ನ ಇಎಕ್ಸ್‌ಟಿ4 ರೂಪದಲ್ಲಿದ್ದರೆ ವಿಂಡೋಸ್ ಮತ್ತು ಮ್ಯಾಕ್ ಅದನ್ನು ತಾವಾಗಿ ಗುರುತಿಸುವುದಿಲ್ಲ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಬಹುದು, ಒಪ್ಪಬೇಡಿ. ಡಿಸ್ಕನ್ನು ಆ ಸಣ್ಣ ಯಂತ್ರದಲ್ಲೇ ಬಿಟ್ಟು, ಮನೆಯ ರೌಟರಿಗೆ ಕೇಬಲ್ ಜೋಡಿಸಿ, ಹೊಸ ಕಂಪ್ಯೂಟರಿನಿಂದ ಎಳೆದುಕೊಳ್ಳುವುದು ಸುಲಭ.

ಈ ಇಡೀ ಕೆಲಸವನ್ನು ಅವಘಡಕ್ಕೆ ಕಾಯದೆ ಒಮ್ಮೆ ಅಭ್ಯಾಸ ಮಾಡಿ. ನಿಮ್ಮ ಕಂಪ್ಯೂಟರನ್ನು ಮುಟ್ಟದೆ, ಎರವಲು ತಂದ ಒಂದು ಲ್ಯಾಪ್‌ಟಾಪ್ ಮತ್ತು ಲಕೋಟೆಯಲ್ಲಿಟ್ಟ ಆ ಕಾಗದ ಇವೆರಡನ್ನೇ ಹಿಡಿದು, ಒಂದು ಫೋಲ್ಡರನ್ನು ಪೂರ್ತಿಯಾಗಿ ಹೊರತೆಗೆಯಲು ಪ್ರಯತ್ನಿಸಿ. ಸಾಧ್ಯವಾದರೆ ಮನೆಯ ಇನ್ನೊಬ್ಬರ ಕೈಯಲ್ಲಿ ಮಾಡಿಸಿ, ನೀವು ಪಕ್ಕದಲ್ಲಿ ಕುಳಿತು ಸುಮ್ಮನೆ ನೋಡಿ. ಟೇಲ್‌ಸ್ಕೇಲ್‌ಗೆ ಲಾಗಿನ್ ಆಗುವ ಖಾತೆ ಯಾವುದು, ಅದರ ಎರಡನೆಯ ಹಂತದ ಸಂಕೇತ ಬರುವ ಫೋನ್ ಯಾರ ಬಳಿ ಇದೆ ಎಂಬಂಥ ಪ್ರಶ್ನೆಗಳು ಏಳುವುದು ಆಗಲೇ. ಕಾಗದದಲ್ಲಿ ಇಲ್ಲದ ಯಾವ ಮಾಹಿತಿ ಬೇಕಾಯಿತೋ ಅದನ್ನು ಅಲ್ಲಿಯೇ ಕಾಗದಕ್ಕೆ ಸೇರಿಸಿ, ಮನೆಯಲ್ಲಿರುವ ಇನ್ನೊಂದು ಪ್ರತಿಯನ್ನೂ ಅದೇ ದಿನ ತಿದ್ದಿ ಇಡಿ.